ಚಿಗರಿಯೂ ಉಳಿಯಬೇಕು, ರೈತನೂ ಉಳಿಯಬೇಕು: ಕೊಲ್ಲದಿರುವುದರ ಖರ್ಚು ಯಾರದು?

ಹುಬ್ಬಳ್ಳಿ: ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ದಿನಾಲೂ ಸಾವಿರಾರು ಜನ ಪ್ರಯಾಣಿಸುವ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಎಂದು ಹೆಸರು. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಾಟ ಆರಂಭಿಸಿದ ಈ ಸೇವೆಯನ್ನು 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅವರು ವಿಧ್ಯುಕ್ತವಾಗಿ ಉದ್ಘಾಟಿಸಿದರು. ವೇಗಕ್ಕೆ ಚಿಗರಿಯ ಹೆಸರು ಸರಿಯಾಗಿಯೇ ಹೊಂದುತ್ತದೆ. ಆದರೆ ನಿಜವಾದ ಚಿಗರಿಯ ಪರಿಸ್ಥಿತಿ ಈ ಭಾಗದಲ್ಲಿ ಹೇಗಿದೆ ಎಂದು ಕೇಳಿದರೆ ನಗರದಲ್ಲಿ ಒಂದು ಉತ್ತರ, ಹಳ್ಳಿಯಲ್ಲಿ ಇನ್ನೊಂದು ಉತ್ತರ ಸಿಗುತ್ತದೆ. ನಗರದವರಿಗೆ ಅದು ಪಾಪದ ಪ್ರಾಣಿ. ಅಣ್ಣಿಗೇರಿ, ನವಲಗುಂದ, ರೋಣ, ಲಕ್ಷ್ಮೇಶ್ವರ ಕಡೆಯ ರೈತನಿಗೆ ಅದು ಬಿತ್ತಿದ ಪೀಕನ್ನು ಎರಡೆಲೆಯಲ್ಲೇ ತಿಂದು ಹೋಗುವ ಪ್ರಾಣಿ. ಎರಡೂ ಮಾತು ನಿಜ. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಈ ಸಮಸ್ಯೆಗೆ ಪರಿಹಾರ ಸಿಗುವುದಿಲ್ಲ.

ಎರಡು ಬಗೆಯ ಜಿಂಕೆ, ಎರಡು ಬಗೆಯ ನೆಲ

ಹುಬ್ಬಳ್ಳಿ-ಧಾರವಾಡ ಅವಳಿ ನಗರ ಮಲೆನಾಡು ಮತ್ತು ಬಯಲುಸೀಮೆ ಕೂಡುವ ಜಾಗದಲ್ಲಿದೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ, ಹಳಿಯಾಳದ ಕಡೆ ಹೋದರೆ ಕಾಡು. ಅಲ್ಲಿರುವುದು ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ. ಪೂರ್ವಕ್ಕೆ ನವಲಗುಂದ, ಗದಗ, ಕೊಪ್ಪಳದ ಕಡೆ ಹೋದರೆ ಎರೆಭೂಮಿ. ಅಲ್ಲಿರುವುದು ಕೃಷ್ಣಮೃಗ. ಜನರು ಎರಡಕ್ಕೂ ಜಿಂಕೆ, ಚಿಗರಿ ಎಂದೇ ಕರೆಯುತ್ತಾರೆ. ಚುಕ್ಕೆ ಜಿಂಕೆಯ ಗಂಡಿನ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಗಂಡಿನ ತಿರುಚಿದ ಕೊಂಬು ಜೀವಮಾನ ಪೂರ್ತಿ ಹಾಗೆಯೇ ಇರುತ್ತದೆ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸವೆಂದರೆ ಕೃಷ್ಣಮೃಗ ದಟ್ಟ ಕಾಡಿನ ಪ್ರಾಣಿಯೇ ಅಲ್ಲ. ದೂರದವರೆಗೆ ಕಣ್ಣಿಗೆ ಕಾಣುವ ಬಯಲು ಹುಲ್ಲುಗಾವಲು ಅದಕ್ಕೆ ಬೇಕು. ಅಪಾಯ ಕಂಡರೆ ಅಡಗುವುದಿಲ್ಲ, ಓಡುತ್ತದೆ.

ಆದ್ದರಿಂದ ಚಿಗರಿ ಕಾಡು ಬಿಟ್ಟು ಊರಿಗೆ ಬಂದಿದೆ ಎಂಬ ಮಾತು ಎರೆಭೂಮಿಗೆ ಹೊಂದುವುದಿಲ್ಲ. ಅದು ಮೊದಲಿನಿಂದಲೂ ಇದೇ ಬಯಲಿನಲ್ಲಿತ್ತು. ಗಾಯರಾಣ, ಹುಲ್ಲುಗಾವಲು, ಬೀಳು ಹೊಲ, ಹಳ್ಳದ ದಂಡೆಗಳಲ್ಲಿ ಮೇಯುತ್ತಿತ್ತು. ಗಾಯರಾಣಗಳು ಸಾಗುವಳಿಯಾದವು, ಬೀಳು ಹೊಲಗಳನ್ನು ಟ್ರ್ಯಾಕ್ಟರ್ ಹರಗಿತು, ಊರ ಸುತ್ತ ಲೇಔಟ್ ಬಂದವು. ಅದು ಇದ್ದಲ್ಲೇ ಇದೆ. ಅದರ ಕಾಲ ಕೆಳಗಿನ ಹುಲ್ಲು ಹೋಗಿ ಹೆಸರು, ಶೇಂಗಾ, ಕಡಲೆ ಬಂದಿವೆ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ವಿಸ್ತೀರ್ಣ ಸುಮಾರು 119 ಚದರ ಕಿಲೋಮೀಟರ್. ಆ ನೆಲದ ದೊಡ್ಡ ಭಾಗದಲ್ಲಿ ನೀಲಗಿರಿ ನೆಡುತೋಪು ಇದೆ. ನೀಲಗಿರಿಯ ಕೆಳಗೆ ಹುಲ್ಲು ಚೆನ್ನಾಗಿ ಬೆಳೆಯುವುದಿಲ್ಲ. ಅಭಯಾರಣ್ಯದೊಳಗೆ ನೆರಳಿದೆ, ಹೊರಗಿನ ಹೊಲದಲ್ಲಿ ಮೇವಿದೆ. ಗದಗ, ಕೊಪ್ಪಳ, ಧಾರವಾಡ ಜಿಲ್ಲೆಗಳ ಎರೆಭೂಮಿಯ ಹಿಂಡುಗಳಿಗೆ ಅಂಥ ಅಭಯಾರಣ್ಯವೂ ಇಲ್ಲ. ಯಲಬುರ್ಗಾ, ಕುಕನೂರು ಭಾಗದ ರೈತರು ಜಿಂಕೆ ವನ ಮಾಡಿ ಎಂದು ಕೇಳುತ್ತ ಬಂದಿರುವುದು ಇದೇ ಕಾರಣಕ್ಕೆ.

ರೈತನ ಖಾತೆ

ಕೃಷ್ಣಮೃಗಕ್ಕೆ ಇಷ್ಟವಾದದ್ದು ಎಳೆ ಚಿಗುರು. ಮುಂಗಾರಿಯಲ್ಲಿ ಹೆಸರು, ಶೇಂಗಾ ಮೊಳಕೆಯೊಡೆದ ಮೊದಲ ವಾರಗಳು ಮತ್ತು ಹಿಂಗಾರಿಯಲ್ಲಿ ಕಡಲೆ, ಜೋಳ ಮೊಳೆಯುವ ದಿನಗಳು ರೈತನಿಗೆ ಚಿಂತೆಯ ದಿನಗಳು. ಹಿಂಡು ಒಂದು ರಾತ್ರಿ ಇಳಿದರೆ ಮೇದದ್ದು ಅರ್ಧ, ತುಳಿದದ್ದು ಅರ್ಧ. ರೈತ ಮತ್ತೆ ಬೀಜ ತರಬೇಕು, ಗೊಬ್ಬರ ತರಬೇಕು, ಕೂರಿಗೆ ಹೂಡಬೇಕು.

ಒಂದು ಸರಳ ಲೆಕ್ಕ ನೋಡಬಹುದು. 2025-26ಕ್ಕೆ ಕೇಂದ್ರ ಸರ್ಕಾರ ಹೆಸರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. 4 ಎಕರೆ ಹೆಸರು ಬಿತ್ತಿದವನಿಗೆ ಎಕರೆಗೆ 1 ಕ್ವಿಂಟಲ್ ಇಳುವರಿ ಕಡಿಮೆಯಾದರೂ 35,072 ರೂಪಾಯಿ ಹೋಯಿತು. ಬೀಜ ಮತ್ತು ಕೂಲಿ ಬೇರೆ. ಇಷ್ಟಕ್ಕೇ ಮುಗಿಯುವುದಿಲ್ಲ. ಈ ಭಾಗದಲ್ಲಿ ಹೆಸರು ಕಿತ್ತ ಹೊಲದಲ್ಲೇ ಹಿಂಗಾರಿಗೆ ಕಡಲೆ ಅಥವಾ ಬಿಳಿಜೋಳ ಬಿತ್ತುತ್ತಾರೆ. ಹೆಸರು ಎರಡನೆಯ ಸಲ ಬಿತ್ತಿದರೆ ಕಟಾವು ತಡವಾಗುತ್ತದೆ, ಮಳೆಗೆ ಸಿಕ್ಕಿ ಕಾಳು ಕಪ್ಪಾಗುತ್ತದೆ, ಹಿಂಗಾರಿ ಬಿತ್ತನೆಯ ಹದ ತಪ್ಪುತ್ತದೆ. ಒಂದು ರಾತ್ರಿಯ ಮೇವು ಎರಡು ಹಂಗಾಮಿನ ಲೆಕ್ಕ ಕೆಡಿಸುತ್ತದೆ. ಎಪಿಎಂಸಿ ಅಂಗಳದಲ್ಲಿ ಕಪ್ಪು ಕಾಳಿಗೆ ದರ ಇಳಿದಾಗ ಅದರ ಹಿಂದೆ ಚಿಗರಿ ಇತ್ತೆಂದು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

ಹಣದ ಲೆಕ್ಕಕ್ಕೆ ಬಾರದ ಇನ್ನೊಂದು ಖರ್ಚಿದೆ. ಅದು ನಿದ್ದೆ. ಮೊಳಕೆಯ ದಿನಗಳಲ್ಲಿ ರೈತ ಕುಟುಂಬದ ಒಬ್ಬರು ರಾತ್ರಿ ಹೊಲದಲ್ಲೇ ಇರಬೇಕು. ಹಾವು, ಚೇಳು, ಮಳೆಯ ನಡುವೆ ಬ್ಯಾಟರಿ ಹಿಡಿದು, ಡಬ್ಬಿ ಬಡಿದು ಹಿಂಡು ಓಡಿಸಬೇಕು. ಇಲ್ಲಿಂದ ಓಡಿದ ಹಿಂಡು ಪಕ್ಕದ ಹೊಲಕ್ಕೆ ಹೋಗುತ್ತದೆ, ಇಲ್ಲವೇ ರಸ್ತೆಗೆ ಬರುತ್ತದೆ.

ಕಾಯ್ದೆ ಏನು ಹೇಳುತ್ತದೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು ಮತ್ತು ದಂಡ. ಬೆಳೆ ತಿನ್ನುವ ಪ್ರಾಣಿಗಳನ್ನು ಉಪದ್ರವಿ ಎಂದು ಘೋಷಿಸಿ ಕೊಲ್ಲಲು ಬಿಡುವ ಅಧಿಕಾರ ಕಾಯ್ದೆಯ 62ನೇ ಕಲಮಿನಲ್ಲಿ ಕೇಂದ್ರ ಸರ್ಕಾರಕ್ಕಿದೆ. ಆದರೆ ಮೊದಲನೆಯ ಅನುಸೂಚಿಯ ಪ್ರಾಣಿಗಳಿಗೆ ಆ ಕಲಮು ಅನ್ವಯಿಸುವುದಿಲ್ಲ.

ಈ ಅಧಿಕಾರ ಬಳಕೆಯಾದಾಗ ಏನಾಗುತ್ತದೆ ಎಂಬುದಕ್ಕೆ ಬಿಹಾರದ ಉದಾಹರಣೆ ಇದೆ. ಅಲ್ಲಿ ನೀಲಗಾಯ್ ಹಾವಳಿ ಹೆಚ್ಚಾಗಿ, ಅದನ್ನು ಉಪದ್ರವಿ ಎಂದು ಘೋಷಿಸಲಾಯಿತು. 2016ರ ಜೂನ್‌ನಲ್ಲಿ ಮೊಕಾಮಾ ಭಾಗದಲ್ಲಿ ಹೊರಗಿನಿಂದ ಕರೆಸಿದ ಬೇಟೆಗಾರರು 200ಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಗುಂಡಿಟ್ಟು ಕೊಂದರು. ದೇಶದಾದ್ಯಂತ ಅದಕ್ಕೆ ವಿರೋಧ ಬಂತು. ಆದರೆ ವಿರೋಧಿಸಿದವರಲ್ಲಿ ಎಷ್ಟು ಜನ ಅದಕ್ಕೆ ಮೊದಲು ಆ ರೈತರ ದೂರನ್ನು ಕೇಳಿದ್ದರು ಎಂಬ ಪ್ರಶ್ನೆ ಉಳಿಯುತ್ತದೆ. ರೈತನ ದೂರನ್ನು ಯಾರೂ ಕೇಳದೆ ಹೋದಾಗಲೇ ಬಂದೂಕಿನ ಮಾತು ಬರುತ್ತದೆ.

ನಮ್ಮ ಭಾಗದಲ್ಲಿ ಕೃಷ್ಣಮೃಗವನ್ನು ಕೊಲ್ಲುವಂತಿಲ್ಲ ಎಂಬುದು ಕಾಯ್ದೆ. ಅದು ಸರಿಯಾದ ಕಾಯ್ದೆ. ಆದರೆ ಕೊಲ್ಲದಿರುವುದಕ್ಕೂ ಒಂದು ಖರ್ಚಿದೆ. ಆ ಖರ್ಚನ್ನು ಇಂದು ಬಹುಮಟ್ಟಿಗೆ ಕೊಡುತ್ತಿರುವವನು ನಾಲ್ಕೈದು ಎಕರೆಯ ರೈತ. ದಯೆಯ ಪುಣ್ಯ ಎಲ್ಲರಿಗೂ, ಖರ್ಚು ಅವನೊಬ್ಬನಿಗೆ ಎನ್ನುವುದು ಯಾವ ವ್ಯವಹಾರದಲ್ಲೂ ನ್ಯಾಯವಲ್ಲ.

ಪರಿಹಾರ ಮತ್ತು ವಿಮೆ: ಈಗ ಬಂದಿರುವ ಅವಕಾಶ

ವನ್ಯಪ್ರಾಣಿಗಳಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವ ವ್ಯವಸ್ಥೆ ಕರ್ನಾಟಕದಲ್ಲಿದೆ. ಇದಕ್ಕೆ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆಯೂ ಬಂದಿದೆ. ಆದರೆ ಜಿಂಕೆ ಮೇದ ಹೊಲದ ತೊಂದರೆಯೇ ಬೇರೆ. ಆನೆ ಬಂದರೆ ಗುರುತು ಎದ್ದು ಕಾಣುತ್ತದೆ. ಎರಡೆಲೆಯ ಸಸಿಯನ್ನು ಜಿಂಕೆ ತಿಂದರೆ ಹೊಲ ಮೊಳೆಯದ ಹೊಲದಂತೆಯೇ ಕಾಣುತ್ತದೆ. ರೈತ ಅಧಿಕಾರಿಗಾಗಿ ಕಾಯುತ್ತ ಕುಳಿತರೆ ಬಿತ್ತನೆಯ ಹದ ಹೋಗುತ್ತದೆ. ಹರಗಿ ಮತ್ತೆ ಬಿತ್ತಿದರೆ ಸಾಕ್ಷಿ ಹೋಗುತ್ತದೆ.

ಬೆಳೆ ವಿಮೆಯಲ್ಲೂ ಇಲ್ಲಿಯವರೆಗೆ ಒಂದು ಕೊರತೆ ಇತ್ತು. ಪ್ರಧಾನಮಂತ್ರಿ ಫಸಲ್ ಬೀಮಾ ಯೋಜನೆಯಲ್ಲಿ ನಷ್ಟವನ್ನು ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯಂಥ ಘಟಕದ ಸರಾಸರಿ ಇಳುವರಿಯಿಂದ ಅಳೆಯುತ್ತಾರೆ. ಬರ ಬಂದರೆ ಎಲ್ಲರ ಹೊಲವೂ ಒಣಗುತ್ತದೆ, ಸರಾಸರಿ ಇಳಿಯುತ್ತದೆ. ಜಿಂಕೆ ಹಾಗಲ್ಲ. ಒಬ್ಬನ ಹೊಲ ಮೇದು ಇನ್ನೊಬ್ಬನ ಹೊಲ ಬಿಡುತ್ತದೆ. ಸರಾಸರಿ ಇಳಿಯುವುದಿಲ್ಲ, ಕಳೆದುಕೊಂಡವನಿಗೆ ಏನೂ ಬರುವುದಿಲ್ಲ.

ಈ ವಿಷಯದಲ್ಲಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಒಂದು ಬದಲಾವಣೆ ಪ್ರಕಟಿಸಿತು. ಕಾಡುಪ್ರಾಣಿಗಳಿಂದಾಗುವ ಬೆಳೆ ನಷ್ಟವನ್ನು ಸ್ಥಳೀಯ ಅಪಾಯಗಳ ಗುಂಪಿನಲ್ಲಿ ಹೆಚ್ಚುವರಿ ರಕ್ಷಣೆಯಾಗಿ ಸೇರಿಸಿ, 2026ರ ಮುಂಗಾರಿನಿಂದ ಜಾರಿಗೆ ತರುವುದಾಗಿ ತಿಳಿಸಿತು. ಅಂದರೆ ಹಾನಿಯನ್ನು ಆಯಾ ಹೊಲದ ಮಟ್ಟದಲ್ಲೇ ಅಳೆಯಲು ದಾರಿಯಾಗುತ್ತದೆ. ಹಾನಿಯಾದ 72 ಗಂಟೆಯೊಳಗೆ ರೈತ ಬೆಳೆ ವಿಮೆ ಆ್ಯಪ್‌ನಲ್ಲಿ ಸ್ಥಳದ ಗುರುತು ಇರುವ ಫೋಟೊ ಹಾಕಿ ತಿಳಿಸಬೇಕು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಯಾವ ಪ್ರಾಣಿಗಳು, ಯಾವ ಜಿಲ್ಲೆಗಳು ಅಥವಾ ವಿಮಾ ಘಟಕಗಳು ಎಂಬ ಪಟ್ಟಿಯನ್ನು ರಾಜ್ಯ ಸರ್ಕಾರ ಅಧಿಸೂಚನೆ ಮೂಲಕ ಹೊರಡಿಸಬೇಕು. ಆ ಪಟ್ಟಿಯಲ್ಲಿ ಕೃಷ್ಣಮೃಗವೂ ಇರಬೇಕು, ಧಾರವಾಡ, ಗದಗ, ಹಾವೇರಿ, ಕೊಪ್ಪಳ ಜಿಲ್ಲೆಗಳೂ ಇರಬೇಕು. ಕಾಡುಪ್ರಾಣಿ ಎಂದಾಗ ಆನೆ, ಹಂದಿಯ ನೆನಪು ಎಲ್ಲರಿಗೂ ಬರುತ್ತದೆ, ಮಲೆನಾಡಿನ ಜಿಲ್ಲೆಗಳ ನೆನಪು ಬರುತ್ತದೆ. ಕಾಡೇ ಇಲ್ಲದ ಎರೆಭೂಮಿಯ ಚಿಗರಿಯನ್ನು ನೆನಪಿಸುವ ಕೆಲಸ ಈ ಭಾಗದ ಜನಪ್ರತಿನಿಧಿಗಳದು, ರೈತ ಸಂಘಟನೆಗಳದು, ವ್ಯಾಪಾರಿ ಸಂಘಗಳದು.

ವಿಮೆಗೆ ರೈತ ಕಟ್ಟುವ ಕಂತು ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ವಿಮಾ ಮೊತ್ತದ ಗರಿಷ್ಠ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5. ಹೆಚ್ಚಿನ ಭಾರ ಸರ್ಕಾರಗಳದು. ಆದರೆ ಲಾವಣಿ ಹಾಕಿಕೊಂಡು ಬಿತ್ತುವ ರೈತರ ಹತ್ತಿರ ಅನೇಕ ಸಲ ಕಾಗದಪತ್ರ ಇರುವುದಿಲ್ಲ. 72 ಗಂಟೆಯೊಳಗೆ ಮೊಬೈಲಿನಲ್ಲಿ ಫೋಟೊ ಹಾಕಲು ಎಲ್ಲರಿಗೂ ಬರುವುದಿಲ್ಲ. ಕಾಗದದ ಮೇಲಿನ ಯೋಜನೆ ಹೊಲಕ್ಕೆ ತಲುಪಬೇಕಾದರೆ ನಡುವೆ ಯಾರಾದರೂ ನಿಲ್ಲಬೇಕು.

ಕೊಲ್ಲದೆ ದೂರ ಇಡುವ ದಾರಿಗಳು

ಮಧ್ಯಪ್ರದೇಶ 2025ರ ಅಕ್ಟೋಬರ್‌ನಲ್ಲಿ ಶಾಜಾಪುರ ಭಾಗದಲ್ಲಿ ಬೇರೆ ದಾರಿ ಹಿಡಿಯಿತು. ದಕ್ಷಿಣ ಆಫ್ರಿಕಾದ ತಜ್ಞರ ಸಹಾಯದಿಂದ, ಹೆಲಿಕಾಪ್ಟರ್ ಬಳಸಿ ಹಿಂಡುಗಳನ್ನು ಬೋಮಾ ಎಂಬ ಆಲಿಕೆಯಾಕಾರದ ಆವರಣದೊಳಗೆ ನಿಧಾನವಾಗಿ ಸಾಗಿಸಿ, 846 ಕೃಷ್ಣಮೃಗಗಳನ್ನು ಹಿಡಿದು ಸಂರಕ್ಷಿತ ಪ್ರದೇಶಗಳಿಗೆ ಸ್ಥಳಾಂತರಿಸಲಾಯಿತು. ಒಂದು ಗುಂಡೂ ಹಾರಲಿಲ್ಲ. ಇದು ದುಬಾರಿ ಕೆಲಸ, ಪರಿಣತರಿಂದ ಮಾತ್ರ ಆಗುವ ಕೆಲಸ. ಬಿಡುವ ಜಾಗದಲ್ಲಿ ಹುಲ್ಲು ಮತ್ತು ನೀರು ಇಲ್ಲದಿದ್ದರೆ ವ್ಯರ್ಥ. ಕರ್ನಾಟಕದಲ್ಲಿ ಇದನ್ನು ಮಾಡಬೇಕೆಂದರೆ ಮೊದಲು ಹುಲ್ಲುಗಾವಲು ಸಿದ್ಧವಾಗಬೇಕು.

ಹಳೆಯ ಉಪಾಯಗಳೂ ಇವೆ. ಕಡಲೆ, ಜೋಳದ ಹೊಲದ ಸುತ್ತ ಕುಸುಬೆಯ ಸಾಲು ಬಿತ್ತುವುದು ಉತ್ತರ ಕರ್ನಾಟಕದ ರೂಢಿ. ಬಲಿತ ಕುಸುಬೆಯ ಮುಳ್ಳು ದನಗಳನ್ನು ಒಳಗೆ ಬಿಡುವುದಿಲ್ಲ. ಕುಸುಬೆ ಕ್ಷೇತ್ರ ಕಡಿಮೆಯಾದಂತೆ ಆ ಬೇಲಿಯೂ ಹೋಯಿತು. ಆದರೆ ಮೊಳಕೆಯ ದಿನಗಳಲ್ಲಿ ಕುಸುಬೆಯೂ ಎಳೆಯದೇ ಆಗಿರುತ್ತದೆ, ಆಗ ಕಾವಲು ಬೇಕೇ ಬೇಕು. ಕಡಿಮೆ ಶಕ್ತಿಯ ಮಿಡಿತ ಕೊಡುವ ಸೌರ ಬೇಲಿ ಹೆದರಿಸುತ್ತದೆ, ಕೊಲ್ಲುವುದಿಲ್ಲ. ಆದರೆ ಕರೆಂಟಿನ ಕಂಬದಿಂದ ನೇರವಾಗಿ ತಂತಿ ಎಳೆಯುವುದು ಅಪರಾಧ. ಅದು ಪ್ರಾಣಿಯನ್ನೂ ಕೊಲ್ಲುತ್ತದೆ, ಬೆಳಗಿನ ಜಾವ ಹೊಲಕ್ಕೆ ಬಂದ ಪಕ್ಕದ ಮನೆಯವನನ್ನೂ ಕೊಲ್ಲುತ್ತದೆ.

ರಸ್ತೆಯ ಲೆಕ್ಕ

ಹೊಲದಿಂದ ಓಡಿದ ಜಿಂಕೆ ಮುಂದೆ ಎದುರಿಸುವುದು ರಸ್ತೆ. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಹುಬ್ಬಳ್ಳಿ-ಧಾರವಾಡವನ್ನು ಹಾಯ್ದು ಹಾವೇರಿ, ರಾಣೆಬೆನ್ನೂರಿನ ಕಡೆ ಹೋಗುತ್ತದೆ. ಅಂಕೋಲಾ ಕಡೆಯ ಹೆದ್ದಾರಿ ಕಲಘಟಗಿ, ಯಲ್ಲಾಪುರದ ಕಾಡಿನ ನಡುವೆ ಸಾಗುತ್ತದೆ. ಗದಗ, ಕೊಪ್ಪಳದ ಹೆದ್ದಾರಿ ಎರೆಭೂಮಿಯ ನಡುವೆ ಹೋಗುತ್ತದೆ. ಮೂರೂ ದಿಕ್ಕಿನಲ್ಲಿ ರಸ್ತೆ ಅಗಲವಾಗಿದೆ, ವೇಗ ಹೆಚ್ಚಾಗಿದೆ. ಜಿಂಕೆಗಳು ಹೆಚ್ಚು ಓಡಾಡುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಚಾಲಕನ ಕಣ್ಣಿಗೆ ಸರಿಯಾಗಿ ಕಾಣದಿರುವುದೂ ಅದೇ ಹೊತ್ತಿನಲ್ಲಿ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಪ್ರಾಣಿ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 33 ಮೀಟರ್. ನಂತರ ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ 35 ಮೀಟರ್. ಒಟ್ಟು 68 ಮೀಟರ್. ಎದುರು ವಾಹನ ಬರುತ್ತಿದ್ದು ದೀಪ ಡಿಮ್ ಮಾಡಿದ್ದರೆ ಕಾಣುವುದು ಸುಮಾರು 50 ಮೀಟರ್. ಅಂದರೆ ಕಾಣುವ ಹೊತ್ತಿಗೇ ತಡವಾಗಿರುತ್ತದೆ. ಅದೇ ಕಾರು 60ರ ವೇಗದಲ್ಲಿದ್ದರೆ ಒಟ್ಟು 45 ಮೀಟರಿನಲ್ಲಿ ನಿಲ್ಲುತ್ತದೆ. ತುಂಬಿದ ಲಾರಿಗೆ ಇದಕ್ಕಿಂತ ಹೆಚ್ಚು ದೂರ ಬೇಕು, ಮಳೆಯಲ್ಲಿ ಇನ್ನೂ ಹೆಚ್ಚು. ಒಂದು ಜಿಂಕೆ ದಾಟಿತೆಂದರೆ ಅದರ ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಎಂದು ತಿಳಿಯಬೇಕು. ಬೈಕ್ ಸವಾರನಿಗಂತೂ ಜಿಂಕೆಗೆ ಬಡಿಯುವುದು ಎರಡು ಜೀವದ ಪ್ರಶ್ನೆ.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಕೆನಡಾ, ಸ್ವೀಡನ್ ದೇಶಗಳಲ್ಲಿ ಮೂಸ್ ಎಂಬ ದೊಡ್ಡ ಜಿಂಕೆ ಇದೆ, ತೂಕ 400 ಕಿಲೋಗೂ ಹೆಚ್ಚು. ಉದ್ದ ಕಾಲಿನ ಅದಕ್ಕೆ ಕಾರು ಬಡಿದರೆ ದೇಹ ನೇರವಾಗಿ ಮುಂದಿನ ಗಾಜಿಗೆ ಬರುತ್ತದೆ. ಕೆನಡಾದ ಬ್ಯಾನ್ಫ್ ಉದ್ಯಾನದಲ್ಲಿ ಹೆದ್ದಾರಿಯ ಎರಡೂ ಬದಿಗೆ ಬೇಲಿ ಹಾಕಿ, ಪ್ರಾಣಿಗಳಿಗೆ ಮೇಲ್ಸೇತುವೆ, ಕೆಳಸೇತುವೆ ಕಟ್ಟಿದ ಮೇಲೆ ಡಿಕ್ಕಿಗಳು ಶೇ 80ಕ್ಕೂ ಹೆಚ್ಚು ಕಡಿಮೆಯಾದವು. ನಮ್ಮ ದೇಶದಲ್ಲೇ ಪೆಂಚ್ ಹುಲಿ ಪ್ರದೇಶದ ಮೂಲಕ ಹೋಗುವ ಹೆದ್ದಾರಿ 44ರಲ್ಲಿ ಕೆಳದಾರಿಗಳನ್ನು ಕಟ್ಟಲಾಗಿದೆ. ಅಲ್ಲಿ ಹೆಚ್ಚಾಗಿ ದಾಟುವುದು ಚುಕ್ಕೆ ಜಿಂಕೆಗಳೇ. ಕರ್ನಾಟಕದಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹುಬ್ಬಳ್ಳಿಯ ಸುತ್ತ ರಾತ್ರಿ ಸಂಚಾರ ನಿಲ್ಲಿಸುವುದು ಸಾಧ್ಯವಿಲ್ಲ. ಆದರೆ ರಸ್ತೆ ಅಗಲ ಮಾಡುವಾಗಲೇ ಹಳ್ಳದ ಸೇತುವೆಗಳನ್ನು ಸ್ವಲ್ಪ ಎತ್ತರ, ಅಗಲ ಮಾಡಿ ಪಕ್ಕದಲ್ಲಿ ಒಣ ದಾರಿ ಬಿಟ್ಟರೆ ಪ್ರಾಣಿಗಳು ಕೆಳಗಿನಿಂದ ಹೋಗಬಲ್ಲವು. ಆಮೇಲೆ ಒಡೆದು ಕಟ್ಟುವುದಕ್ಕಿಂತ ಈಗಲೇ ಮಾಡುವುದು ಅಗ್ಗ.

ಗಾಯಗೊಂಡ ಜಿಂಕೆ ಕಂಡರೆ

ದಯೆಯಿಂದ ಮಾಡಿದ ಕೆಲಸವೇ ಜಿಂಕೆಯ ಪ್ರಾಣಕ್ಕೆ ಎರವಾಗುವುದುಂಟು. ಈ ಸಂಗತಿಗಳನ್ನು ಸ್ವಯಂಸೇವಕರು ತಿಳಿದಿರಬೇಕು.

ಬೆದರಿದ ಜಿಂಕೆಯನ್ನು ಬೆನ್ನಟ್ಟಿ ಹಿಡಿದರೆ, ಗಾಯ ಇಲ್ಲದಿದ್ದರೂ ಆಘಾತದಿಂದಲೇ ಸಾಯಬಹುದು. ಗುಂಪು ಸೇರದಂತೆ ನೋಡಿಕೊಳ್ಳಬೇಕು, ನಾಯಿಗಳನ್ನು ದೂರ ಇಡಬೇಕು, ಸಾಧ್ಯವಾದರೆ ಕಣ್ಣಿನ ಮೇಲೆ ಬಟ್ಟೆ ಮುಚ್ಚಿ ಸುಮ್ಮನಿರಬೇಕು. ಬಾಯಿಗೆ ನೀರು ಸುರಿಯಬಾರದು. ಸೆಲ್ಫಿ ಬೇಡವೇ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಹೆದ್ದಾರಿಯಲ್ಲಾದರೆ 1033.

ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಮರಿ ತಬ್ಬಲಿಯಲ್ಲ. ತಾಯಿ ಅದನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಮನೆಗೆ ತಂದರೆ ತಾಯಿಯಿಂದ ಅಗಲಿಸಿದಂತೆ, ಮತ್ತು ಕಾಯ್ದೆಯ ಪ್ರಕಾರ ಅಪರಾಧ ಕೂಡ. ಸತ್ತ ಜಿಂಕೆ ಸರ್ಕಾರದ ಆಸ್ತಿ. ಅದರ ಚರ್ಮ, ಕೊಂಬು, ಮಾಂಸ ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ.

ಸಮಾಜದವರು ಮಾಡಬಹುದಾದದ್ದು

ಹದಿನಾರನೆಯ ತೀರ್ಥಂಕರ ಭಗವಾನ್ ಶಾಂತಿನಾಥರ ಲಾಂಛನ ಜಿಂಕೆ. ಇಪ್ಪತ್ತೆರಡನೆಯ ತೀರ್ಥಂಕರ ಭಗವಾನ್ ನೇಮಿನಾಥರು ಮದುವೆಯ ದಿಬ್ಬಣದ ದಾರಿಯಲ್ಲಿ ಕೂಡಿಹಾಕಿದ್ದ ಮೃಗಗಳ ಕೂಗು ಕೇಳಿ ರಥ ನಿಲ್ಲಿಸಿ, ಗಿರನಾರದ ದಾರಿ ಹಿಡಿದರು. ಆ ನೇಮಿನಾಥರ ಶಂಖ ಬಸದಿ ಇರುವ ಲಕ್ಷ್ಮೇಶ್ವರದ ಸುತ್ತಲಿನ ಹೊಲಗಳಲ್ಲೇ ಇಂದು ಚಿಗರಿ ಹಿಂಡು ಮೇಯುತ್ತಿದೆ, ರೈತ ರಾತ್ರಿ ಕಾಯುತ್ತಿದ್ದಾನೆ. ಗೋಶಾಲೆ, ಪಾಂಜರಾಪೋಳಗಳಿಗೆ ದಾನ ಕೊಡುವ ಸಮಾಜಕ್ಕೆ ಇದು ಹೊಸ ಕೆಲಸವಲ್ಲ, ಅದೇ ಕೆಲಸದ ಮುಂದುವರಿಕೆ. ವ್ಯತ್ಯಾಸ ಇಷ್ಟೇ: ಚಿಗರಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಲಾಗದು. ಅದನ್ನು ಉಳಿಸಬೇಕಾದರೆ ಅದು ಮೇಯುವ ಹೊಲದ ಒಡೆಯನನ್ನು ಉಳಿಸಬೇಕು.

ಮುಂಗಾರಿಗೆ ಮೊದಲು ಯುವಕ ಮಂಡಳಗಳು ಎರಡು-ಮೂರು ಹಳ್ಳಿಗಳನ್ನು ಆರಿಸಿಕೊಂಡು ರೈತರಿಗೆ ವಿಮೆ ಅರ್ಜಿ ತುಂಬಿಸಬಹುದು, ಹಾನಿಯಾದಾಗ 72 ಗಂಟೆಯೊಳಗೆ ಫೋಟೊ ಹಾಕಲು ನೆರವಾಗಬಹುದು. ಮರುಬಿತ್ತನೆಗೆ ಬೀಜದ ನೆರವು ಕೊಡುವುದು ಬೀಜ, ಗೊಬ್ಬರದ ವ್ಯಾಪಾರಿಗಳಿಗೆ ದೊಡ್ಡ ಹೊರೆಯಲ್ಲ. ಊರಿನ ಉಳಿದ ಗಾಯರಾಣವನ್ನು ಅಳತೆ ಮಾಡಿಸಿ ಹುಲ್ಲಿಗೆ ಉಳಿಸಿಕೊಳ್ಳುವ ಪಂಚಾಯಿತಿಗಳಿಗೆ ನೀರಿನ ತೊಟ್ಟಿ ಕಟ್ಟಿಸಿಕೊಡಬಹುದು. ಸಾರಿಗೆ ವ್ಯವಹಾರ ನಡೆಸುವವರು ತಮ್ಮ ಚಾಲಕರಿಗೆ ಮುಸ್ಸಂಜೆ ಮತ್ತು ಬೆಳಗಿನ ಜಾವ 60ರ ಮಿತಿ ಹಾಕಬಹುದು, ತಡವಾದರೆ ಸಂಬಳ ಕತ್ತರಿಸುವುದಿಲ್ಲ ಎಂದು ಹೇಳಬಹುದು. ಬೆಳಗಿನ ಜಾವ ಹೆದ್ದಾರಿಯ ಬದಿಯಲ್ಲಿ ತ್ಯಾಗಿಗಳ ವಿಹಾರವೂ ನಡೆಯುತ್ತಿರುತ್ತದೆ. ಅದೇ ವೇಗದ ಮಿತಿ ಅವರನ್ನೂ ಕಾಯುತ್ತದೆ.

ಇವೆಲ್ಲ ಸಣ್ಣ ಕೆಲಸಗಳು. ಪಟ್ಟಿಯಲ್ಲಿ ಕೃಷ್ಣಮೃಗದ ಹೆಸರು ಸೇರಿಸುವುದು, ಹುಲ್ಲುಗಾವಲು ಉಳಿಸುವುದು, ರಸ್ತೆಯ ಕೆಳಗೆ ದಾರಿ ಬಿಡುವುದು ಸರ್ಕಾರದಿಂದಲೇ ಆಗಬೇಕು. ಆದರೆ ಸರ್ಕಾರಕ್ಕೆ ಕೇಳುವ ಅಧಿಕಾರ, ತನ್ನ ಪಾಲಿನ ಖರ್ಚು ಕೊಟ್ಟವನಿಗೆ ಹೆಚ್ಚು. ಈ ಜೂನ್‌ನಲ್ಲಿ ಹೆಸರು ಮೊಳೆಯುವ ಹೊತ್ತಿಗೆ ಚಿಗರಿ ಮತ್ತೆ ಹೊಲಕ್ಕೆ ಇಳಿಯುತ್ತದೆ. ಆ ರಾತ್ರಿ ರೈತ ಒಬ್ಬನೇ ಇರಬಾರದು.